ನಮ್ಮ ಹಾಡಲ್ಲಿ ನಾವು ಎಲ್ಲಿದ್ದೀವಿ?

ನಮ್ಮ ಬ್ಯಾಂಡಿನ ಹಾಡಿನ ಮಿಕ್ಸ್, ಅಂದರೆ ಎಲ್ಲರ ಟ್ರ್ಯಾಕ್ ಸೇರಿಸಿ ಹದ ಮಾಡಿದ ರೂಪ, ಕೇಳಿ ಮುಗಿಯಿತು. ಗಿಟಾರಿನವನು ಕುರ್ಚಿ ತಿರುಗಿಸಿ ನಮ್ಮ ಮುಖ ನೋಡಿದ. ವಾರಗಟ್ಟಲೆ ಕೂತು ಅವನೇ ಮಾಡಿದ ಮಿಕ್ಸ್ ಅದು. ಡ್ರಮ್ಮರ್ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ಚೆನ್ನಾಗೇ ಇದೆ ಕಣೋ. ಆದ್ರೆ ಇದರಲ್ಲಿ ನಾವು ಎಲ್ಲಿದ್ದೀವಿ?"

"ಎಲ್ಲಿ ಅಂದ್ರೆ? ಎಲ್ರೂ ಇದ್ದೀವಲ್ಲ. ಕಿಕ್ ಡ್ರಮ್ ಕೇಳ್ತಿದೆ, ಬೇಸ್ ಗಿಟಾರ್ ಕೇಳ್ತಿದೆ."

"ಕೇಳ್ಸೋದರ ಬಗ್ಗೆ ಅಲ್ಲ. ಯಾವ ಜಾಗದಲ್ಲಿದ್ದೀವಿ ಅಂತ."

ಅವನು ತಕ್ಷಣ ಕಂಪ್ಯೂಟರಿನಲ್ಲಿ ರಿವರ್ಬ್ ಪ್ಲಗಿನ್, ಅಂದರೆ ಸದ್ದಿಗೆ ಪ್ರತಿಧ್ವನಿ ಸೇರಿಸುವ ಸಾಫ್ಟ್‌ವೇರ್, ತೆರೆದ. ಹಾಲ್ ಬೇಕಾ, ಪ್ಲೇಟ್ ಬೇಕಾ ಎಂದು ರಿವರ್ಬಿನ ಬಗೆಗಳನ್ನು ಹೇಳಿ ಕೇಳತೊಡಗಿದ. ಅವಳು ತಲೆ ಆಡಿಸಿ ಎದ್ದುಹೋದಳು. ಈ ವಾರವಿಡೀ ನನ್ನ ಕಿವಿಯಲ್ಲಿ ಅದೇ ಮಾತು. ಇದರಲ್ಲಿ ನಾವು ಎಲ್ಲಿದ್ದೀವಿ?

ಅವಳು ಮಾತಾಡುವುದೇ ಕಮ್ಮಿ. ನಮ್ಮಲ್ಲಿ ಎಲ್ಲರಿಗಿಂತ ಒಳ್ಳೆಯ ಕಿವಿ ಅವಳದೇ ಎಂದು ನಾನು ಬಹಳ ದಿನದಿಂದ ನಂಬಿದ್ದೇನೆ. ಗಿಟಾರಿನವನು ಒಳ್ಳೆಯ ಮನುಷ್ಯ, ಕೆಲಸಕ್ಕೆ ಕೂತರೆ ಊಟ ನಿದ್ದೆ ಮರೆಯುತ್ತಾನೆ. ಆದರೆ ಯಾವ ತೊಂದರೆಗೂ ಎಲ್ಲೋ ಒಂದು ಪ್ಲಗಿನ್ ಇದ್ದೇ ಇರುತ್ತದೆ ಎಂದು ಅವನ ನಂಬಿಕೆ. ಒಳ್ಳೆಯ ಆಲ್ಬಮ್ ಕೇಳಿದಾಗಲೂ ಅವನ ಮೊದಲ ಪ್ರಶ್ನೆ, ಯಾವ ಮೈಕ್, ಮೈಕಿನ ಸದ್ದು ಹಿಗ್ಗಿಸಲು ಯಾವ ಪ್ರೀಆಂಪ್.

ಅವಳ ಪ್ರಶ್ನೆಗೆ ಒಂದು ಕಾರಣವಿತ್ತು. ನಮ್ಮ ಮಿಕ್ಸ್‌ಗೆ ಮುಂಚೆ ಪಿಕ್ಸೀಸ್ ಬ್ಯಾಂಡಿನ 'ಸರ್ಫರ್ ರೋಸಾ' ಹಾಕಿದ್ದೆವು. 1988ರಲ್ಲಿ ಬಂದ ಆಲ್ಬಮ್. ರೆಕಾರ್ಡ್ ಮಾಡಿದವರು ಸ್ಟೀವ್ ಅಲ್ಬಿನಿ. ಅದರಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ಬಿದ್ದ ಕೂಡಲೇ ಒಂದು ಕೋಣೆ ಕಣ್ಣಿಗೆ ಕಟ್ಟುತ್ತದೆ. ಗೋಡೆ ಎಷ್ಟು ದೂರ, ಚಾವಣಿ ಎಷ್ಟು ಎತ್ತರ ಎಂದು ಊಹಿಸಬಹುದು. ಕೆಲವು ಭಾಗಗಳನ್ನು ಸ್ಟುಡಿಯೊದ ಬಾತ್‌ರೂಮಿನಲ್ಲೇ ರೆಕಾರ್ಡ್ ಮಾಡಿದ್ದಾರೆ, ನಿಜವಾದ ಗೋಡೆಯಿಂದ ಬರುವ ಪ್ರತಿಧ್ವನಿ ಬೇಕು ಅಂತ. ಹಾಡುಗಳ ಮಧ್ಯೆ ಸ್ಟುಡಿಯೊದಲ್ಲಿ ಆಡಿದ ಮಾತುಗಳನ್ನೂ ಹಾಗೇ ಬಿಟ್ಟಿದ್ದಾರೆ. ಅಲ್ಲಿ ಮನುಷ್ಯರಿದ್ದರು ಅನ್ನುವುದರಲ್ಲಿ ಅನುಮಾನವೇ ಬರುವುದಿಲ್ಲ.

ಅಲ್ಬಿನಿ 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರು ತಮ್ಮನ್ನು ಪ್ರೊಡ್ಯೂಸರ್ ಎಂದು ಕರೆಸಿಕೊಳ್ಳಲು ಒಪ್ಪುತ್ತಿರಲಿಲ್ಲ. ರಾಯಲ್ಟಿ ತೆಗೆದುಕೊಳ್ಳುತ್ತಿರಲಿಲ್ಲ, ಮಾಡಿದ ಕೆಲಸಕ್ಕೆ ಕೂಲಿ ಅಷ್ಟೇ. ಹಾಡು ಬ್ಯಾಂಡಿನದು, ಎದುರಿಗೆ ನಡೆದದ್ದನ್ನು ಸರಿಯಾಗಿ ಹಿಡಿದುಕೊಡುವುದಷ್ಟೇ ತನ್ನ ಕೆಲಸ ಎಂಬ ನಿಲುವು. ಆ ನಿಲುವಿನ ಬಗ್ಗೆ ನನಗೆ ತುಂಬಾ ಗೌರವ ಇದೆ.

ಅವಳ ಪ್ರಶ್ನೆ ಇಟ್ಟುಕೊಂಡೇ ಈ ವಾರ ಆಲ್ಬಮ್‌ಗಳನ್ನು ಒಂದೊಂದಾಗಿ ಮತ್ತೆ ಕೇಳಿದೆ. ಸುಮ್ನೆ ಕೇಳಿದರೆ ಸಾಲದು. ಆ ಹಾಡನ್ನು ಕಂಪ್ಯೂಟರಿನಲ್ಲಿ ನಮ್ಮ ಹಾಡಿನ ಪ್ರಾಜೆಕ್ಟಿನಲ್ಲೇ ಒಂದು ಟ್ರ್ಯಾಕ್ ಆಗಿ ತರಬೇಕು. ಎಲ್ಲಕ್ಕಿಂತ ಮೊದಲು ಅದರ ವಾಲ್ಯೂಮ್ ಇಳಿಸಿ ನಮ್ಮ ಮಿಕ್ಸ್‌ನ ಮಟ್ಟಕ್ಕೆ ತರಬೇಕು. ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದ, ಆದ ಹಾಡು ಸಾಮಾನ್ಯವಾಗಿ ಜೋರಾಗಿರುತ್ತದೆ, ಜೋರಾದದ್ದೇ ಚೆಂದ ಅಂತ ಕಿವಿ ನಂಬಿಬಿಡುತ್ತದೆ. ಸಮ ಮಾಡಿಕೊಂಡ ಮೇಲೆ ಉಳಿಯುವ ವ್ಯತ್ಯಾಸವೇ ನಿಜವಾದ ಪಾಠ. ಆಮೇಲೆ ಮೊನೊದಲ್ಲಿ, ಅಂದರೆ ಎಡ ಬಲ ಎರಡನ್ನೂ ಒಂದೇ ಮಾಡಿ, ಕೇಳಬೇಕು. ಆಮೇಲೆ ಇನ್ನೊಂದು ಕೆಲಸ, ನನಗೆ ತುಂಬಾ ಇಷ್ಟವಾದದ್ದು. ಒಂದು ಬದಿಯ ಪೊಲಾರಿಟಿ ತಿರುಗಿಸಿ, ಅಂದರೆ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿ, ಎರಡೂ ಬದಿಯನ್ನು ಮೊನೊಗೆ ಸೇರಿಸಿದರೆ ನಟ್ಟನಡುವೆ ಇರುವುದೆಲ್ಲ ಅಳಿಸಿಹೋಗುತ್ತದೆ. ಸಾಮಾನ್ಯವಾಗಿ ಮುಖ್ಯ ದನಿ, ಕಿಕ್, ಬೇಸ್ ಮಾಯ. ಅಂಚಿನಲ್ಲಿದ್ದದ್ದು ಮಾತ್ರ ಉಳಿಯುತ್ತದೆ. ಎಡಬಲದ ಗಿಟಾರ್, ರಿವರ್ಬಿನ ಬಾಲ, ಕೋಣೆಯ ಗಾಳಿ. ಜನ ಎಲ್ಲಿ ನಿಂತಿದ್ದರು ಅನ್ನುವುದರ ಸುಳಿವು ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ನಮ್ಮ ಮಿಕ್ಸ್‌ಗೂ ಹಾಗೇ ಮಾಡಿ ನೋಡಿದೆ. ಗಿಟಾರಿಗೆ ಒಂದು ಜಾಗ, ಹಾಡುಗಾರನಿಗೆ ಇನ್ನೊಂದು, ಸ್ನೇರ್‌ಗೆ ಮತ್ತೊಂದು. ಒಂದಕ್ಕೊಂದು ಸಂಬಂಧವೇ ಇಲ್ಲದ ಜಾಗಗಳು.

ದೂರಕ್ಕೆ ಲೆಕ್ಕ ಇದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮೀಟರಿಗೆ ಹತ್ತಿರ ಹತ್ತಿರ 3 ಮಿಲಿಸೆಕೆಂಡ್. ಸ್ನೇರ್‌ಗೆ ಅಂಟಿಕೊಂಡಂತೆ ಒಂದು ಮೈಕ್, 5 ಮೀಟರ್ ಆಚೆ ಇನ್ನೊಂದು ಮೈಕ್ ಇಟ್ಟರೆ, ಅದೇ ಪೆಟ್ಟು ದೂರದ ಮೈಕಿಗೆ ಸುಮಾರು 15 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಕಿವಿಗೆ ಅವು ಎರಡು ಪೆಟ್ಟಾಗಿ ಕೇಳಿಸುವುದಿಲ್ಲ, ಒಂದೇ ಪೆಟ್ಟು, ಆದರೆ ಇಷ್ಟು ದೊಡ್ಡದು ಎನ್ನಬಹುದಾದ ಒಂದು ಜಾಗದೊಳಗೆ ಬಿದ್ದ ಪೆಟ್ಟಾಗಿ ಕೇಳಿಸುತ್ತದೆ. ಕೋಣೆ ಚಿಕ್ಕದಿದ್ದರೆ ರೂಮ್ ಮೈಕಿನ, ಅಂದರೆ ಆ ದೂರದ ಮೈಕಿನ, ಟ್ರ್ಯಾಕನ್ನು ಇನ್ನಷ್ಟು ಮಿಲಿಸೆಕೆಂಡ್ ತಡವಾಗುವಂತೆ ಸರಿಸಿ ಜಾಗ ದೊಡ್ಡದಾದಂತೆ ತೋರಿಸಬಹುದು. ಇದಕ್ಕೆ ಯಾವ ಪ್ಲಗಿನ್ನೂ ಬೇಡ.

ದಿ ಸ್ಟ್ರೋಕ್ಸ್ ಬ್ಯಾಂಡಿನ 'ಈಸ್ ದಿಸ್ ಇಟ್' (2001) ಕೇಳಿದಾಗ ದೂರದ ಮಾತು ಇನ್ನೊಂದು ಬಗೆಯಲ್ಲಿ ಬಂತು. ಗಾಯಕನ ದನಿಯನ್ನು ಪ್ರಾಕ್ಟೀಸಿಗೆ ಬಳಸುವ ಪೀವಿ ಕಂಪನಿಯ ಚಿಕ್ಕ ಗಿಟಾರ್ ಆಂಪ್ಲಿಫೈಯರ್ (ಆಂಪ್) ಒಳಗಿಂದ ಹಾಯಿಸಿದ್ದಾರೆ. ದುಬಾರಿ ಸ್ಟುಡಿಯೊದಲ್ಲಿ ಎಲ್ಲರೂ ಒರೆಸಿ ತೆಗೆಯಲು ಒದ್ದಾಡುವ ಆ ಒರಟು ದನಿಯೇ ಅಲ್ಲಿ ಹಾಡಿನ ಮುಖ. ಅವನು ಪಕ್ಕದ ಕೋಣೆಯಿಂದ ಫೋನಿನಲ್ಲಿ ಮಾತಾಡುತ್ತಿರುವಂತೆ ಅನ್ನಿಸುತ್ತದೆ. ಡ್ರಮ್ಸ್, ಗಿಟಾರ್ ಬಿಗಿಯಾಗಿ ಎದುರಿಗೇ ಇವೆ. ಯಾರು ಹತ್ತಿರ, ಯಾರು ದೂರ ಎಂದು ಯಾರೋ ಕೂತು ತೀರ್ಮಾನ ಮಾಡಿದ್ದಾರೆ. ಪ್ರೊಡಕ್ಷನ್ ಅಂದರೆ ಹೆಚ್ಚು ಪಾಲು ಆ ತೀರ್ಮಾನವೇ, ಅಲ್ವಾ?

ಗಿಟಾರಿನವನ ಅಚ್ಚುಮೆಚ್ಚಿನ ಆಲ್ಬಮ್ ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ 'ಲವ್‌ಲೆಸ್' (1991). ಅದರ ಹೆಸರು ಹೇಳಿಯೇ ಅವನು ನಮ್ಮ ಹಾಡಿಗೆ ಲೇಯರ್ ಮೇಲೆ ಲೇಯರ್ ಗಿಟಾರ್ ಸುರಿಯುತ್ತಾನೆ. ನನಗೆ ಇದರಲ್ಲಿ ಅವನ ಜೊತೆ ಜಗಳ ಇದೆ. ಅಲ್ಲಿ ಜನ ಅಂದುಕೊಳ್ಳುವಷ್ಟು ಗಿಟಾರ್ ಟ್ರ್ಯಾಕ್‌ಗಳಿಲ್ಲ ಎಂದು ಆ ಬ್ಯಾಂಡಿನ ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ತಾವೇ ಹೇಳಿದ್ದಾರೆ. ಗಿಟಾರಿನ ಸ್ವರ ಬಾಗಿಸುವ ಟ್ರೆಮೊಲೊ ಕಡ್ಡಿಯನ್ನು ಕೈಯಲ್ಲೇ ಹಿಡಿದುಕೊಂಡು ತಂತಿ ಮೀಟುತ್ತಾರೆ, ಹಾಗಾಗಿ ಸ್ವರ ಪ್ರತಿ ಸಲ ಚೂರು ಕೆಳಗೆ ಬಾಗಿ ಮೇಲೇಳುತ್ತದೆ. ಜೊತೆಗೆ ತಿರುವುಮುರುವಾದ ರಿವರ್ಬ್. ಆ ದಟ್ಟತನದ ಬಹುಪಾಲು ಬಂದದ್ದು ಒಂದು ಕೈಯ ಚಲನೆಯಿಂದ. ನಮ್ಮವನು ಸದ್ದಿನ ಗಾತ್ರ ಕೇಳಿಸಿಕೊಂಡ, ಕೈ ಕೇಳಿಸಿಕೊಳ್ಳಲಿಲ್ಲ.

ಲೇಯರ್ ಬೇಕೆಂದರೆ ಗಾಯಕ ಎಲಿಯಟ್ ಸ್ಮಿತ್ ಅವರ 'ಐದರ್/ಆರ್' (1997) ಕೇಳಬೇಕು. ದನಿ ಎರಡೆಳೆ, ಅಕೂಸ್ಟಿಕ್ ಗಿಟಾರ್ ಎರಡೆಳೆ. ಒಂದೇ ಟೇಕನ್ನು ಕಾಪಿ ಮಾಡಿದರೆ ಇದು ಬರುವುದಿಲ್ಲ. ಕಾಪಿ ಮಾಡಿದರೆ 6 ಡೆಸಿಬಲ್ ಜೋರಾಗುತ್ತದೆ, ಅಷ್ಟೇ. ಎರಡನೇ ಸಲ ನಿಜವಾಗಿ ಹಾಡಿದಾಗ ಉಸಿರು ಒಂದು ಕೂದಲೆಳೆ ಆಚೀಚೆ, ಸ್ವರ ಒಂದು ಚೂರು ಆಚೀಚೆ. ಆ ಸಣ್ಣ ಅಂತರದಿಂದಲೇ ದನಿಗೆ ಮೈ ಬರುತ್ತದೆ. ಅಲ್ಲಿ ಅವರು ಎಷ್ಟು ಹತ್ತಿರ ಎಂದರೆ ತುಟಿ ಬೇರೆಯಾಗುವ ಸದ್ದು ಕೂಡ ಸಿಗುತ್ತದೆ.

ಇಲ್ಲಿಗೆ ಬಂದಾಗ ನನಗೆ ಒಂದು ತಕರಾರು ಎದ್ದಿತು. ಎಲ್ಲರೂ ಒಂದೇ ಕೋಣೆಯಲ್ಲಿ ನುಡಿಸಿದರೆ ಮಾತ್ರ ಜಾಗ ಕೇಳಿಸುತ್ತದೆ ಎನ್ನುವುದಾದರೆ, ಒಬ್ಬರೇ ಕೂತು ಮಾಡಿದ ಆಲ್ಬಮ್‌ಗಳ ಗತಿ ಏನು? ಬಾನ್ ಐವರ್‌ನ 'ಫಾರ್ ಎಮ್ಮಾ, ಫಾರೆವರ್ ಅಗೋ' ಹುಟ್ಟಿದ್ದು 2006-07ರ ಚಳಿಗಾಲದಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆ ಹೆಸರಿನಲ್ಲಿ ಹಾಡುವ ಜಸ್ಟಿನ್ ವರ್ನನ್ ಅವರ ತಂದೆಯ ಬೇಟೆಮನೆಯಲ್ಲಿ. ಹೆಚ್ಚುಕಮ್ಮಿ ಪೂರ್ತಿ ಒಬ್ಬರೇ. ಯಾವ ಅಂಗಡಿಯಲ್ಲೂ ಸಿಗುವ ಶ್ಯೂರ್ ಎಸ್‌ಎಂ57 ಮೈಕ್. ತಮ್ಮದೇ ದನಿಯನ್ನು ಪದರ ಪದರವಾಗಿ ಹಾಡಿ ಹಾಡಿ ಒಂದು ಮೇಳವನ್ನೇ ಕಟ್ಟಿದ್ದಾರೆ. ಅಷ್ಟು ದನಿ ಸೇರಿದರೂ ಅಲ್ಲಿರುವುದು ಒಬ್ಬನೇ ಮನುಷ್ಯ ಎಂದು ಗೊತ್ತಾಗುತ್ತದೆ. ಒಂಟಿತನವನ್ನು ಮುಚ್ಚುವ ಪ್ರಯತ್ನವೇ ಅಲ್ಲಿಲ್ಲ. ಅದಕ್ಕೆ ತದ್ವಿರುದ್ಧ ಬಿಗ್ ಥೀಫ್ ಬ್ಯಾಂಡಿನ 'ಟೂ ಹ್ಯಾಂಡ್ಸ್' (2019). ಟೆಕ್ಸಸ್‌ನ ಸೋನಿಕ್ ರಾಂಚ್ ಸ್ಟುಡಿಯೊದಲ್ಲಿ ಬಹುಪಾಲು ಲೈವ್ ಆಗಿ ನುಡಿಸಿದ್ದು, ಆಮೇಲೆ ಸೇರಿಸಿದ್ದು ತೀರಾ ಕಡಿಮೆ. ಒಬ್ಬರು ತಡೆದರೆ ಇನ್ನೊಬ್ಬರು ಕಾಯುವುದು ಅಲ್ಲಿ ಕಿವಿಗೆ ಸಿಗುತ್ತದೆ. ಎರಡೂ ಆಲ್ಬಮ್ ನನಗೆ ಪ್ರಾಣ. ಒಬ್ಬರಿದ್ದಾಗ ಒಬ್ಬರಿದ್ದಂತೆ, ನಾಲ್ವರಿದ್ದಾಗ ನಾಲ್ವರಿದ್ದಂತೆ ಕೇಳಿಸುತ್ತವೆ.

ನಮ್ಮದು ಹಾಗಿರಲಿಲ್ಲ. ನಾವು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಮನೆಯಲ್ಲಿ ನುಡಿಸಿ ಫೈಲ್ ಕಳಿಸಿಕೊಂಡೆವು. ಆಮೇಲೆ ಒಟ್ಟಿಗಿದ್ದಂತೆ ತೋರಿಸಲು ರಿವರ್ಬ್ ಬಳಿದೆವು.

ನಿನ್ನೆ ಡ್ರಮ್ಮರ್‌ಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಮೊನೊ, ಪೊಲಾರಿಟಿ, ಮಿಲಿಸೆಕೆಂಡ್ ಎಲ್ಲ. ಪೂರ್ತಿ ಕೇಳಿಸಿಕೊಂಡು ಅವಳು ಹೇಳಿದ್ದು ಇಷ್ಟೇ. "ನಾನು ಬಾರಿಸುವಾಗ ನೀವು ಯಾರೂ ಇರಲಿಲ್ಲ. ಕಿವಿಯಲ್ಲಿ ಲಯ ಹೇಳೋ ಕ್ಲಿಕ್ ಒಂದೇ ಇತ್ತು."

ಆಗ ಅವಳ ಮೊದಲ ಪ್ರಶ್ನೆ ನನಗೆ ಬೇರೆಯಾಗಿ ಕೇಳಿಸಿತು. ಅವಳು ರಿವರ್ಬ್ ಕೇಳುತ್ತಿರಲಿಲ್ಲ. ನಮ್ಮನ್ನು ಕೇಳುತ್ತಿದ್ದಳು. ಡ್ರಮ್ಸ್ ಬಾರಿಸುವವರಿಗೆ ಎದುರಿಗೆ ಹಾಡುವವನ ಭುಜ ಕಾಣಬೇಕು, ಅವನು ಉಸಿರು ಎಳೆದುಕೊಳ್ಳುವುದು ಕಾಣಬೇಕು. ಅದು ಕಂಡರೆ ಪೆಟ್ಟು ಒಂದು ಎಳೆ ತಡವಾಗಿ, ಒಂದು ಎಳೆ ಮೆತ್ತಗೆ ಬೀಳುತ್ತದೆ. ಅದನ್ನು ಆಮೇಲೆ ಎಡಿಟ್‌ನಲ್ಲಿ ತರಲು ಆಗುವುದಿಲ್ಲ. ನುಡಿಸುವಾಗ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದಕ್ಕೇ ತಾನೇ ಬ್ಯಾಂಡ್ ಅನ್ನುವುದು? ಸೌಕರ್ಯ ಜಾಸ್ತಿ ಆದ ಹಾಗೆ ನಾವು ಬಿಟ್ಟುಕೊಟ್ಟದ್ದು ಅದನ್ನೇ. ಸಂಗೀತದಲ್ಲಿ ಮಾತ್ರ ಅಲ್ಲ, ಒಟ್ಟಿಗೆ ಮಾಡುವ ಎಷ್ಟೋ ಕೆಲಸಗಳಲ್ಲಿ ಈಗ ಹೀಗೇ. ಪಾಲಿನ ಕೆಲಸ ಮುಗಿಸಿ ಕಳಿಸುತ್ತೇವೆ. ಎದುರಿನವರ ಮುಖ ನೋಡಿ ನಮ್ಮ ಪಾಲನ್ನು ಬದಲಿಸಿಕೊಳ್ಳುವ ಅವಕಾಶವೇ ಬರುವುದಿಲ್ಲ.

ಎಲ್ಲರೂ ಒಂದೇ ಕೋಣೆಯಲ್ಲಿ ಮತ್ತೆ ರೆಕಾರ್ಡ್ ಮಾಡೋಣ ಎಂದಾಗ ಗಿಟಾರಿನವನು ಬ್ಲೀಡ್ ಬಗ್ಗೆ, ಅಂದರೆ ಒಬ್ಬರ ಮೈಕಿನೊಳಗೆ ಇನ್ನೊಬ್ಬರ ಸದ್ದು ನುಸುಳುವುದರ ಬಗ್ಗೆ, ಹೆದರಿದ. "ಸ್ನೇರ್ ಮೈಕಲ್ಲಿ ನನ್ನ ಗಿಟಾರ್ ಕೇಳ್ಸಿದ್ರೆ ಆಮೇಲೆ ಏನೂ ಮಾಡಕ್ಕಾಗಲ್ಲ." ಮಾತು ನಿಜ. ಆದರೆ ಮುಖ್ಯವಾಗಿ ಎದುರಿನ ಸದ್ದನ್ನೇ ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಬೆನ್ನ ಕಡೆಯ ಸದ್ದನ್ನು ತೀರಾ ಕಡಿಮೆ ಹಿಡಿಯುತ್ತದೆ. ಆಂಪ್ ಆ ಕಡೆ ಬರುವಂತೆ ಜೋಡಿಸಿದರೆ ಅರ್ಧ ತೊಂದರೆ ಕಳೆಯುತ್ತದೆ. ಉಳಿದರ್ಧಕ್ಕೆ ಅವನು ಆಂಪಿನ ವಾಲ್ಯೂಮ್ ಇಳಿಸಬೇಕು. ಒಂದು ಹಾಡಿಗೆ ಮಾತ್ರ ಒಪ್ಪಿದ್ದಾನೆ, ಅದೂ ಕ್ಲಿಕ್ ಇಟ್ಟುಕೊಂಡು. ಕ್ಲಿಕ್ ಬೇಡವೇ ಬೇಡ ಎಂದು ಅವಳು. ನಾನು ಅವಳ ಕಡೆ.