ಥಾರ್ ದಿನಾ ಓಡಸಾಕ ಆಗ್ತೈತೇನು? ನಾ ಏನ್ ಹಾಕ್ಸೇನಿ, ಏನ್ ಹಾಕ್ಸಿಲ್ಲ

ಮಹೀಂದ್ರಾ ಥಾರ್ ಗಾಡಿ ತಗೊಂಡಾಗಿಂದ ಡೀಸಲ್ ಪಂಪಿನ್ಯಾಗ, ಮದವಿ ಮನ್ಯಾಗ, ಎಲ್ಲಿ ನಿಲ್ಲಿಸಿದ್ರೂ ಮಂದಿ ಕೇಳೂದು ಎರಡ ಪ್ರಶ್ನೆ. ಮೈಲೇಜ್ ಎಷ್ಟು ಕೊಡ್ತೈತಿ, ಏನೇನ್ ಮಾಡಿಫೈ ಮಾಡ್ಸೀರಿ. ಮೈಲೇಜಿಂದು ಈಗ ಹೇಳಿಬಿಡ್ತೇನಿ, ನಂದು ಡೀಸಲ್ ಮ್ಯಾನುವಲ್ ಫೋರ್ ಬೈ ಫೋರ್ (ಬೇಕಾದಾಗ ನಾಕೂ ಗಾಲಿಗೆ ಎಂಜಿನ್ ಜೋರು ಕೊಡೂದು), ಊರಾಗ 10-11, ಹೈವೇದಾಗ 80ರ ಮ್ಯಾಲ ಒತ್ತಲಿಲ್ಲಂದ್ರ 13-14. ಎರಡನೇದಕ್ಕ ನಿಂತ ನಿಲವಿನ್ಯಾಗ ಉತ್ತರ ಕೊಡಾಕ ಆಗಂಗಿಲ್ಲ, ಅದಕ್ಕ ಕುಂತು ಬರ್ಯಾಕತ್ತೇನಿ.

ಮೊದ್ಲ ನನ್ನ ದಾರಿ ಯಾವ್ದು ಅನ್ನೂದು ಹೇಳ್ಬೇಕು, ಯಾಕಂದ್ರ ಗಾಡಿಗೆ ಏನ್ ಬೇಕು ಏನ್ ಬ್ಯಾಡಾ ಅನ್ನೂದು ಅದರ ಮ್ಯಾಲ ಐತಿ. ಮನಿ ಬೆಳಗಾವಿ ಟಿಳಕವಾಡಿ, ಕೆಲಸ ಉದ್ಯಮಬಾಗದಾಗ ಮಷೀನ್ ಶಾಪ್, ಅಂದ್ರ ದಿನಾ ರೈಲ್ವೆ ಗೇಟ್, ಟ್ರಾಫಿಕ್, ಫಸ್ಟ್ ಗೇರ್ ಸೆಕೆಂಡ್ ಗೇರ್. ರವಿವಾರ ಬೈಲಹೊಂಗಲ ಕಡೆ ಹೊಲಕ್ಕ ಹೋಗೂದು, ಅದು ಪೂರ್ತಿ ಎರಿ, ಅಂದ್ರ ಕರಿ ಮಣ್ಣು. ಮಳಿಗಾಲದಾಗ ಮನಸ್ಸು ತಡೀಲಿಲ್ಲಂದ್ರ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್, ಅಲ್ಲಿ ಕೆಂಪ ಮಣ್ಣು, ಜಂಬಿಟ್ಟಿಗಿ ಕಲ್ಲು, ಮಂಜು. ಒಂದ ಜಿಲ್ಲಾದಾಗ ಇಷ್ಟು ಬ್ಯಾರೆ ಬ್ಯಾರೆ ನೆಲ ಸಿಗ್ತಾವ ನೋಡ್ರಿ, ಇದಕ್ಕ ನಂಗ ಬೆಳಗಾವಿ ಅಂದ್ರ ಪ್ರೀತಿ.

ಮೊದಲನೇ ಮಾಡಿಫಿಕೇಶನ್ ಅವ್ವನ ಸಲುವಾಗಿ ಆತು. ಗಾಡಿ ಮನಿಗೆ ಬಂದ ಮ್ಯಾಲ ಯಲ್ಲಮ್ಮನ ಗುಡ್ಡಕ್ಕ ಹೊಂಟಿದ್ವಿ, ಅವ್ವಗ ಮೊಣಕಾಲ ನೋವು, ಬಾಗಲಾ ತಗದು ಒಂದ ಕಾಲು ಎತ್ತಿ ನೋಡಿದ್ಲು, ಮತ್ತ ಇಳಿಸಿದ್ಲು, "ನಂಗ ಆಗೂದಿಲ್ಲೋ ಯಪ್ಪಾ, ನೀವ ಹೋಗಿ ಬರ್ರಿ" ಅಂದ್ಲು. ಅವತ್ತ ಚಾ ಕುಡ್ಯೂ ಸ್ಟೂಲ್ ಹಾಕಿ ಹತ್ತಿಸಿದ್ವಿ, ಮರುದಿನ ನಾ ಫೂಟ್‌ಸ್ಟೆಪ್ ಹುಡುಕಾಕ ಹತ್ತಿದೆ. ಪ್ಯಾಟ್ಯಾಗ ಸಿಗೂವು ಭಾಳಷ್ಟು ಒಂದೋ ಶೋಕಿಗೆ ಇರ್ತಾವ, ಕಾಲ ಇಟ್ರ ಬಾಗ್ತಾವ, ಇಲ್ಲಾ ಭಾಳ ಕೆಳಗ ಜೋತಾಡ್ತಾವ. ಉದ್ಯಮಬಾಗದಾಗ ಫ್ಯಾಬ್ರಿಕೇಶನ್ ಮಾಡೂ ಒಬ್ರು ಕಾಕಾ ಅದಾರ, ಅವರ ಕಡೆ ಮಾಡಿಸಿದೆ. ಅವರು ಟೇಪ್ ಹಿಡದು ಅಳತಿ ತಗೊಳ್ಳೂಕಿಂತ ಮೊದ್ಲು "ಅವ್ವಾರನ್ನ ಒಮ್ಮೆ ಕರ್ಕೊಂಡ ಬಾ, ಎಷ್ಟು ಎತ್ತರಕ್ಕ ಕಾಲ ಬರ್ತೈತಿ ನೋಡೂಣು" ಅಂದ್ರು. ಆ ಮಾತ ಕೇಳಿ ಕೆಲಸ ಇವರ ಕಡೆನ ಕೊಡೂದು ಅಂತ ಅಲ್ಲೇ ಗಟ್ಟಿ ಆತು. ಚಾಸಿಗೆ ವೆಲ್ಡಿಂಗ್ ಒಂದ ಹನಿ ಇಲ್ಲ, ಇದ್ದ ತೂತಿಗೇ ಬೋಲ್ಟ್, ಮ್ಯಾಲ ಚಕ್ಕರ್ಡ್ ಪ್ಲೇಟ್, ಹಸಿ ಕಾಲಿಗೂ ಜಾರಂಗಿಲ್ಲ. ಡ್ರೈವರ್ ಕಡೆ ಪೈಪ್ ಗಾಡಿ ಮೈಗೆ ಒತ್ತಿ ಮ್ಯಾಲ ಐತಿ, ಅವ್ವ ಹತ್ತೂ ಕಡೆ ಅಷ್ಟ ಒಂದು ಮೆಟ್ಲು ಕೆಳಗ ಇಳಿತೈತಿ, ಅದನ್ನ ಹೊಲಕ್ಕ ಹೋಗೂವಾಗ ಎರಡು ಬೋಲ್ಟ್ ಬಿಚ್ಚಿ ಮನ್ಯಾಗ ಇಟ್ಟು ಹೋಗ್ತೇನಿ. ಯಾಕಂದ್ರ ಥಾರಿನ ಹೊಟ್ಟಿ ದಿಬ್ಬಕ್ಕ ತಾಗಲಾರದಂಗ ದಾಟೂ ಕೋನ ಸುಮಾರು 27 ಡಿಗ್ರಿ, ದಿಬ್ಬ ಹತ್ತೂವಾಗ ಮುಂದಿನ ಬಂಪರ್ ತಾಗಲಾರದ ಕೋನ 41ರ ಮ್ಯಾಲ, ಇಳಿಯೂವಾಗ ಹಿಂದಿಂದು ಸುಮಾರು 37. ಫೂಟ್‌ಸ್ಟೆಪ್ ಜೋತಾಡಿದ್ರ ಆ ನಡಕಿನ 27 ಮೊದ್ಲ ಹೋಗ್ತೈತಿ, ಹೊಲದ ಬದು ದಾಟೂವಾಗ ಮೊದ್ಲ ತಾಗೂದೂ ಅದ. ಹಿಂದಿನ ಸೀಟಿಗೆ ಮಾತ್ರ ಅವ್ವನ್ನ ಕೂಡ್ಸಾಕ ಆಗಂಗಿಲ್ಲ, ಮುಂದಿನ ಸೀಟ್ ಮಡಚಿ ಹೊಕ್ಕೂದು ವಯಸ್ಸಾದವರಿಗೆ ಆಗೂ ಮಾತಲ್ಲ. ಮನ್ಯಾಗ ಹಿರೇರು ಇಬ್ಬರು ಇದ್ರ ಮೂರು ಬಾಗಲದ ಥಾರ್ ತಗೋಬ್ಯಾಡ್ರಿ, 2024ರಾಗ ಬಂದ ಐದು ಬಾಗಲದ ರಾಕ್ಸ್ ನೋಡ್ರಿ.

ಟೈರ್ ವಿಚಾರಕ್ಕ ಬರೂಣು, ಇಲ್ಲೇ ಮಂದಿ ರೊಕ್ಕಾ ಹೆಚ್ಚು ಹಾಕ್ತಾರ. ನಂದರಾಗ ಬಂದದ್ದು 255/65 ಆರ್18 ಆಲ್ ಟೆರೇನ್ (ರೋಡಿಗೂ ಮಣ್ಣಿಗೂ ನಡ್ಯೂದು), ಅಂದ್ರ ಟೈರಿನ ಅಗಲ 255 ಮಿಲಿಮೀಟರ್, ಗ್ವಾಡಿ ಎತ್ತರ ಅದರ ಶೇಕಡಾ 65, ರಿಮ್ 18 ಇಂಚು. ಸವದ ಮ್ಯಾಲ ಮತ್ತ ಅದ ಸೈಜ್ ಹಾಕ್ಸೇನಿ. "ದೊಡ್ಡದು ಹಾಕ್ಸೂ ಮಾರಾಯಾ, ನೋಡಾಕ ಛಂದ ಕಾಣ್ತೈತಿ" ಅನ್ನಾವ್ರು ಭಾಳ. ಲೆಕ್ಕ ಮಾಡಿ ನೋಡ್ರಿ, ನನ್ನ ಟೈರಿನ ಎತ್ತರ ಸುಮಾರು 789 ಮಿಲಿಮೀಟರ್, 275/65 ಹಾಕಿದ್ರ 815. ಗಾಡಿ ನೆಲದಿಂದ ಏರೂದು ಅದರ ಅರ್ಧ, 13 ಮಿಲಿಮೀಟರ್, ಅಂದ್ರ ಒಂದು ಬಟ್ಟಿನ ಅಗಲನೂ ಇಲ್ಲ. ಅದಕ್ಕ ಪ್ರತಿಯಾಗಿ ಕೊಡೂದೇನು, ಸ್ಪೀಡೋಮೀಟರ್ ಸುಮಾರು ಶೇಕಡಾ 3 ಕಡಿಮಿ ತೋರಸ್ತೈತಿ, ಗೇರ್ ಉದ್ದ ಆಗಿ ಟ್ರಾಫಿಕ್ಕಿನ್ಯಾಗ ಕ್ಲಚ್ ಹೆಚ್ಚು ತುಳೀಬೇಕು, ಬ್ರೇಕಿಗೆ ಭಾರ, ಸ್ಟೇರಿಂಗ್ ಪೂರ್ತಿ ತಿರುವಿದಾಗ ಟೈರ್ ತಿಕ್ಕೂ ಸಂಭವ ಬ್ಯಾರೆ. ಕಂಪನಿಯಿಂದ ಬರೂ 226 ಮಿಲಿಮೀಟರ್ ಗ್ರೌಂಡ್ ಕ್ಲಿಯರನ್ಸ್ (ನೆಲಕ್ಕೂ ಗಾಡಿ ಹೊಟ್ಟಿಗೂ ನಡಕಿನ ಅಂತರ) ನನ್ನ ಹೊಲಕ್ಕ, ನನ್ನ ಘಾಟಿಗೆ ಬೇಕಾದಷ್ಟ ಆತು.

ಇನ್ನ 20 ಇಂಚಿನ ಅಲಾಯ್ ಹಾಕ್ಸೂದಂತೂ ನಂಗ ಒಟ್ಟ ಒಪ್ಗಿ ಇಲ್ಲ. ರಿಮ್ ದೊಡ್ಡದಾದಷ್ಟು ಟೈರಿನ ಗ್ವಾಡಿ ಸಣ್ಣದಾಗ್ತೈತಿ, ಚೋರ್ಲಾದ ತಗ್ಗಿನ್ಯಾಗ ಧಡಲ್ ಅಂತ ಬಿದ್ರ ಪೆಟ್ಟು ನೇರ ರಿಮ್ಮಿಗೆ. ಟೈರಿನ ಗ್ವಾಡಿ ಎತ್ತರ ಇದ್ರ ಗಾಳಿ ಇಳಿಸಿ ಓಡಸಾಕ ಬರ್ತೈತಿ, ಅದ ಮಣ್ಣಾಗ ಉಸುಕಿನ್ಯಾಗ ಕೆಲಸಕ್ಕ ಬರೂದು. ನನ್ನ ಕಡೆ 12 ವೋಲ್ಟಿನ ಒಂದು ಕಂಪ್ರೆಸರ್ ಐತಿ, ಭಾಳ ತುಟ್ಟಿದಲ್ಲ, ಸಡಲ ನೆಲ ಬಂದ್ರ 18-20 ಪಿಎಸ್‌ಐಗೆ ಇಳಸೂದು, ನಿಧಾನಕ ದಾಟೂದು, ಡಾಂಬರ ಹತ್ತೂಕಿಂತ ಮೊದ್ಲು ಮತ್ತ ತುಂಬೂದು. ಟೈರ್ ನೆಲಕ್ಕ ಹೆಚ್ಚು ಹರವಿಕೊಂಡು ಕೂಡ್ತೈತಿ, ಹುಗ್ಯೂದು ಕಡಿಮಿ. ಗಾಡಿಗೆ ಹಾಕಿದ ರೊಕ್ಕದಾಗ ಫೂಟ್‌ಸ್ಟೆಪ್ ಬಿಟ್ರ ಇದ ಸಾರ್ಥಕ ಆದದ್ದು.

ಆದ್ರ ಎರಿ ಮಣ್ಣಿಗೆ ಇದೂ ಪೂರ್ತಿ ಸಾಲಂಗಿಲ್ಲ, ಇದನ್ನ ಘಾಟ್ ಕಡೆ ಮಂದಿಗೆ ಹೇಳಿ ತಿಳಸೂದು ಕಷ್ಟ. ಎರಿ ನೀರು ಕುಡದು ಉಬ್ಬತೈತಿ, ಅಂಟು ಆಗ್ತೈತಿ, ಟೈರಿನ ಸಂದ್ಯಾಗ ಹೊಕ್ಕು ಕುಂತು ನಾಕ ಸುತ್ತಿಗೆ ಟೈರ್ ಬೋಳ ಆಗ್ತೈತಿ, ಆಮ್ಯಾಲ ಫೋರ್ ವೀಲ್ ಇದ್ರೇನು, ಡಿಫರೆನ್ಶಿಯಲ್ ಲಾಕ್ (ಎಡಾ ಬಲಾ ಗಾಲಿ ಕೂಡೇ ತಿರಗೂವಂಗ ಮಾಡೂದು) ಇದ್ರೇನು, ನಾಕೂ ಗಾಲಿ ಕೂಡೇ ಜಾರ್ತಾವ. ಟ್ರ್ಯಾಕ್ಟರಿನ ದೊಡ್ಡ ಗಾಲಿ ನೋಡ್ರಿ, ಅದರ ಹಲ್ಲು ಅಡ್ಡಡ್ಡ ದೂರ ದೂರ ಇರ್ತಾವ, ತಿರಗೂವಾಗ ಮಣ್ಣು ತಾನ ಉದರ್ತೈತಿ, ನಮ್ಮ ಆಲ್ ಟೆರೇನಿನ್ಯಾಗ ಅಷ್ಟು ಸಂದಿ ಇಲ್ಲ. ಮಡ್ ಟೆರೇನ್ ಹಾಕಿದ್ರ ಸ್ವಲ್ಪ ಛಲೋ, ಆದ್ರ ದಿನಾ ಡಾಂಬರ ಮ್ಯಾಲ ಗುಂಯ್ ಅಂತ ಸಪ್ಪಳ, ಮಳ್ಯಾಗ ಬ್ರೇಕ್ ಹಿಡ್ಯೂದು ಕಡಿಮಿ, ಲಗೂ ಸವೀತಾವ. ಹಿಂಗಾಗಿ ನಾ ಹೊಲ ಹದಕ್ಕ ಬರೂತನಕ ರೋಡಿಗೇ ಗಾಡಿ ನಿಲ್ಲಿಸಿ ನಡಕೊಂತ ಹೋಗ್ತೇನಿ. ಒಮ್ಮೊಮ್ಮೆ ಹುಗದ ಗಾಡಿ ಟ್ರ್ಯಾಕ್ಟರ್ ಹಚ್ಚಿ ಎಳಸೂದು ಬರ್ತೈತಿ, ಆವಾಗ ಸರಪಳಿ ಬಂಪರಿಗೆ, ಎಕ್ಸಲ್ಲಿಗೆ ಸುತ್ತಬ್ಯಾಡ್ರಿ, ಚಾಸಿಗೆ ಕೊಟ್ಟ ಹುಕ್ಕಿಗೇ ಹಾಕ್ರಿ, ಸರಪಳಿ ಹತ್ರ ಮಂದಿ ನಿಲ್ಲಾಕ ಬಿಡಬ್ಯಾಡ್ರಿ, ಹುಕ್ ಕಿತ್ತು ಹಾರಿದ್ರ ಜೀವಾ ಹೋಗ್ತಾವ.

ಇನ್ನೊಂದು ಮಾತು, ಇದು ದಿನಾ ಓಡಸಾವ್ರಿಗೆ. ಹೊಲದಿಂದ ಬಂದು ಎಂ.ಕೆ. ಹುಬ್ಬಳ್ಳಿ ಹತ್ರ ಹೈವೇ ಹತ್ತಿ 70-80 ಮುಟ್ಟಿದ ಕೂಡ್ಲೇ ಸ್ಟೇರಿಂಗ್ ನಡಗಾಕ ಹತ್ತತೈತಿ. ಭಾಳ ಮಂದಿ ಅಲೈನ್‌ಮೆಂಟ್ ಹೋತು ಅಂತ ಗ್ಯಾರೇಜಿಗೆ ಓಡ್ತಾರ. ಮೊದ್ಲು ಗಾಲಿ ಹಿಂದ ಕೈ ಹಾಕಿ ನೋಡ್ರಿ, ರಿಮ್ಮಿನ ಒಳಮಗ್ಗಲಕ್ಕ ಎರಿ ಮಣ್ಣು ಒಂದ ಕಡೆ ದಪ್ಪಾಗಿ ಕುಂತಿರ್ತೈತಿ, ಒಣಗಿದ ಮ್ಯಾಲ ಕಲ್ಲ ಆಗಿರ್ತೈತಿ, ಆ ಭಾರಕ್ಕ ಗಾಲಿ ಬ್ಯಾಲೆನ್ಸ್ ತಪ್ಪಿರ್ತೈತಿ. ನಾ ಡಿಕ್ಕ್ಯಾಗ ಕಳೆ ತಗಿಯೂ ಒಂದು ಹಳೆ ಕುರಪಿ ಇಟ್ಕೊಂಡೇನಿ, ಅದರ್ಲೆ ಒಂದೊಂದ ರಿಮ್ ಸುತ್ತ ಹೆರದು, ಬಾಟ್ಲಿ ನೀರು ಹಾಕಿ ತೊಳದ್ರ ಗಾಡಿ ಮತ್ತ ಮೊದಲಿನಂಗ ನೀಟ್ ಹೋಗ್ತೈತಿ. ಮಣ್ಣು ಹಸಿ ಇದ್ದಾಗ ತಗದ್ರ ಸಲೀಸು.

ಫೋರ್ ವೀಲ್ ಬಗ್ಗೆನೂ ಹೇಳ್ಬೇಕು, ಒಣಾ ಡಾಂಬರ ಮ್ಯಾಲ 4ಎಚ್ (ನಾಕೂ ಗಾಲಿಗೆ ಜೋರು) ಹಾಕಿ ಓಡಸಾವ್ರು ಕಣ್ಣಿಗೆ ಬೀಳ್ತಾರ. ಇದು ಪಾರ್ಟ್ ಟೈಮ್ ಸಿಸ್ಟಮ್, ಮುಂದಿನ ಹಿಂದಿನ ಎಕ್ಸಲ್ ನಡಕ ಬ್ಯಾರೆ ಬ್ಯಾರೆ ಸ್ಪೀಡಿನ್ಯಾಗ ತಿರಗಾಕ ಬಿಡೂ ಡಿಫರೆನ್ಶಿಯಲ್ ಇಲ್ಲ. ತಿರುವಿನ್ಯಾಗ ಮುಂದಿನ ಗಾಲಿ ಹೆಚ್ಚು ದೂರ ಹೋಗ್ತಾವ, ಹಿಂದಿನ್ವು ಕಡಿಮಿ, ಆದ್ರ ಎಂಜಿನ್ ಜೋರು ಹಂಚೂ ಟ್ರಾನ್ಸ್‌ಫರ್ ಕೇಸ್ ಎರಡಕ್ಕೂ ಒಂದ ಸ್ಪೀಡ್ ಕೊಡ್ತೈತಿ, ಮಣ್ಣಾಗ ಇದ್ರ ಗಾಲಿ ಸ್ವಲ್ಪ ಜಾರಿ ಹೊಂದಾಣಿಕಿ ಮಾಡ್ಕೊಳ್ತಾವ, ಒಣಾ ರೋಡಿನ್ಯಾಗ ಜಾರಾಕ ಆಗಂಗಿಲ್ಲ, ಆ ಜೋರು ಎಲ್ಲಾ ಗೇರಿಗೆ, ಜಾಯಿಂಟಿಗೆ ಹೋಗಿ ಕುಂದರ್ತೈತಿ, ಹಗ್ಗಕ್ಕ ಹುರಿ ಹಾಕಿದಂಗ. ಊರಾಗ 2ಎಚ್ (ಹಿಂದಿನ ಎರಡ ಗಾಲಿಗೆ ಜೋರು) ಸಾಕು. ಮತ್ತ ತಿಂಗಳಿಗೊಮ್ಮೆರ ಕಚ್ಚಾ ರಸ್ತೆ ಹುಡುಕಿ ಸ್ವಲ್ಪ ದೂರ 4ಎಚ್ ಹಾಕಿ ಓಡಸ್ರಿ, ಎಣ್ಣಿ ಎಲ್ಲಾ ಕಡೆ ಓಡ್ಯಾಡ್ತೈತಿ. ಬರೇ ಊರಾಗ ಓಡಸೂದಿದ್ರ, ಹೊಲ ಘಾಟ್ ಯಾವ್ದೂ ಇಲ್ಲಂದ್ರ, 2023ರಿಂದ ಟು ವೀಲ್ ಥಾರ್ ಸಿಗಾಕತ್ತೈತಿ, ಅದನ್ನ ತಗೊಂಡು ಉಳದ ರೊಕ್ಕಾ ಜ್ವಾಪಾನ ಮಾಡ್ಕೋರಿ.

ಡೀಸಲ್ ಇದ್ದವರಿಗೆ ಡಿಪಿಎಫ್ ನೆನಪಿರ್ಲಿ. ಹೊಗಿಯಾಗಿನ ಮಸಿ ಹಿಡ್ಯೂ ಫಿಲ್ಟರ್ ಅದು, ತುಂಬಿದ ಮ್ಯಾಲ 600 ಡಿಗ್ರಿ ಆಸುಪಾಸು ಕಾದಾಗ ಮಸಿ ಸುಟ್ಟು ಹೋಗ್ತೈತಿ. ಟಿಳಕವಾಡಿಯಿಂದ ಉದ್ಯಮಬಾಗದಂಥ ಸಣ್ಣ ಓಡಾಟದಾಗ ಅಷ್ಟು ಕಾಯಂಗಿಲ್ಲ. ವಾರಕ್ಕೊಮ್ಮೆ ಹೈವೇದಾಗ ಕಿತ್ತೂರ ಕಡೆನೋ ಸಂಕೇಶ್ವರ ಕಡೆನೋ ಒಂದು ಸುತ್ತು ಹೊಡೀರಿ, ಒಂದ ಸಮ ಸ್ಪೀಡಿನ್ಯಾಗ. ನಂಗ ಹೊಲದ ದಾರಿನ ಈ ಕೆಲಸ ಮಾಡಿ ಕೊಡ್ತೈತಿ.

ಬುಲ್ ಬಾರ್ (ಬಂಪರ್ ಮುಂದ ಹಚ್ಚೂ ಕಬ್ಬಿಣದ ಗಾರ್ಡ್) ಹಾಕ್ಸಿಲ್ಲ, ಹಾಕ್ಸಂಗೂ ಇಲ್ಲ. 2017ರ ಡಿಸೆಂಬರದಾಗ ಕೇಂದ್ರ ಸಾರಿಗೆ ಇಲಾಖೆ ಎಲ್ಲಾ ರಾಜ್ಯಕ್ಕೂ ಬರದು ಇವನ್ನ ತಗಸ್ರಿ ಅಂತ ಹೇಳೇತಿ. ಬಡದಾಗ ಮುಂದಿನ ಭಾಗ ಮುದ್ದಿ ಆಗಿ ಪೆಟ್ಟು ತಗೋಬೇಕು, ಸೆನ್ಸರಿಗೆ ಪೆಟ್ಟಿನ ಜೋರು ತಿಳದು ಏರ್‌ಬ್ಯಾಗ್ ಬಿಚ್ಚಬೇಕು, ನಡಕ ಕಬ್ಬಿಣ ಹೊಕ್ರ ಆ ಲೆಕ್ಕಾನ ತಪ್ತೈತಿ, ಅಡ್ಡ ಬಂದ ಮನಷ್ಯಾನ ಗತಿಯಂತೂ ಹೇಳೂದ ಬ್ಯಾಡ. ಈ ಗಾಡಿಗೆ 2020ರಾಗ ಗಾಡಿ ಬಡದು ಸುರಕ್ಷತಾ ಪರೀಕ್ಷೆ ಮಾಡೂ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಾಕು ಸ್ಟಾರ್ ಕೊಟ್ಟದ್ದು ಕಂಪನಿ ಕೊಟ್ಟ ಬಂಪರ್ ಇದ್ದಾಗ. ಕಾನೂನೂ ಬಿಗಿ ಐತಿ, ಮೋಟಾರ್ ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಮೂಲ ವಿವರ ಬದಲಾಗೂವಂಗ ಗಾಡಿ ತಿದ್ದಾಕ ಬರಂಗಿಲ್ಲ, 2019ರ ಜನವರಿಯಾಗ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡದೈತಿ, ಅದ ವರ್ಷದ ತಿದ್ದುಪಡಿಯಾಗ ಒಂದೊಂದು ಬದಲಾವಣಿಗೆ 5,000 ರೂಪಾಯಿ ದಂಡ ಇಲ್ಲಾ ಆರು ತಿಂಗಳತನಕ ಜೈಲು, ಎರಡೂ ಆಗಬಹುದು. ಇನ್ಶೂರನ್ಸ್ ಕ್ಲೇಮಿಗೆ ತಕರಾರು ಬಂದ್ರ ಅದು ಬ್ಯಾರೆ ತಲಿನೋವು.

ಗಾಡಿ ಎತ್ತರ ಮಾಡೂ ಲಿಫ್ಟ್ ಕಿಟ್ಟೂ ಬ್ಯಾಡ ಅಂತ ಬಿಟ್ಟೇನಿ. ಮುಂದಿನ ಸಸ್ಪೆನ್ಶನ್ ಇಂಡಿಪೆಂಡೆಂಟ್ (ಎರಡೂ ಗಾಲಿ ಬ್ಯಾರೆ ಬ್ಯಾರೆ ಏರಿ ಇಳಿತಾವ), ಎತ್ತರ ಮಾಡಿದಷ್ಟು ಡ್ರೈವ್ ಶಾಫ್ಟಿನ ಕೋನ ಹೆಚ್ಚಾಗಿ ಜಾಯಿಂಟಿನ ರಬ್ಬರ್ ಹರೀತೈತಿ. ಮುಂದಿನ ಹಿಂದಿನ ಗಾಲಿ ನಡಕಿನ ಅಂತರ (ವೀಲ್‌ಬೇಸ್) 2450 ಮಿಲಿಮೀಟರ್ ಇರೂ ಗಿಡ್ಡ ಗಾಡಿ ಇದು, ಮೊದ್ಲ ಎತ್ತರ, ಅನಮೋಡ ಘಾಟಿನ ತಿರುವಿನ್ಯಾಗ ಇನ್ನೂ ಎತ್ತರ ಮಾಡಿ ಓಡಸೂ ಧೈರ್ಯ ನಂಗ ಬ್ಯಾಡ. ಮತ್ತ ಅವ್ವ ಹತ್ಬೇಕಲ್ಲ.

ಸ್ನಾರ್ಕೆಲ್ (ಎಂಜಿನ್ನಿಗೆ ಗಾಳಿ ಎಳ್ಕೊಳ್ಳೂ ಎತ್ತರದ ಪೈಪು) ಯಾಕ ಹಾಕ್ಸಿಲ್ಲ ಅಂತ ಕೇಳೂ ಹುಡುಗ್ರಿಗೆ ಒಂದ ಮಾತು. ಗಾಡಿ 650 ಮಿಲಿಮೀಟರ್ ನೀರಾಗ ಹೋಗ್ತೈತಿ ಅಂತ ಕಂಪನಿ ಹೇಳೂದು ನಿಂತ ನೀರಿಂದು, ಹರ್ಯೂ ನೀರಿಂದಲ್ಲ. ಮಹಾರಾಷ್ಟ್ರದಾಗ ಮಳಿ ಜೋರಾಗಿ ಕೃಷ್ಣಾ, ದೂಧಗಂಗಾ, ವೇದಗಂಗಾ ಏರಿದ್ರ ಚಿಕ್ಕೋಡಿ ಕಡೆ ಕಲ್ಲೋಳ-ಯಡೂರಿನಂಥ ಸೇತುವಿ ಮುಳುಗ್ತಾವ, ಅಲ್ಲಿ ಹರ್ಯೂ ನೀರು ಮೊಣಕಾಲ ಮಟ್ಟ ಇದ್ರೂ ಗಾಡಿನ ಮಗ್ಗಲಕ್ಕ ನೂಕ್ತೈತಿ. ಸ್ನಾರ್ಕೆಲ್ ಎಂಜಿನ್ನಿಗೆ ಗಾಳಿ ಮ್ಯಾಲಿಂದ ಕೊಡ್ತೈತಿ ಅಷ್ಟ, ಗಾಡಿ ತೇಲೂದು ತಪ್ಪಸಂಗಿಲ್ಲ. ದಯವಿಟ್ಟು ಅಲ್ಲಿ ಹಾಯಿಸಬ್ಯಾಡ್ರಿ. ಒಂದ ವ್ಯಾಳ್ಯಾ ನೀರಾಗ ಗಾಡಿ ಬಂದ್ ಬಿದ್ರ ಮತ್ತ ಚಾಲೂ ಮಾಡಬ್ಯಾಡ್ರಿ, ಸಿಲಿಂಡರಿನ್ಯಾಗ ನೀರು ಹೊಕ್ಕಿದ್ರ ಅದು ಅದಮಂಗಿಲ್ಲ, ಕನೆಕ್ಟಿಂಗ್ ರಾಡ್ ಬಾಗ್ತೈತಿ, ಎಂಜಿನ್ ಹೋದಂಗ. ಖಾನಾಪುರ ಕಡೆ ಭೀಮಗಡ ಅಭಯಾರಣ್ಯದ ಹಳ್ಳಕ್ಕ ಗಾಡಿ ಇಳಿಸಿ ರೀಲ್ಸ್ ಮಾಡೂದೂ ನಂಗ ಸೇರಂಗಿಲ್ಲ. ಪರ್ಮಿಶನ್ ಇಲ್ಲದ ಒಳಗ ಹೋಗೂದು ಗುನ್ನೆ, ಅದು ಪ್ರಾಣಿಗಳ ಮನಿ, ಮತ್ತ ಆ ನೀರ ಕೆಳಗಿನ ಮಂದಿ ಕುಡೀತಾರ.

ಲೈಟಿಂದು ಸಣ್ಣ ಕೆಲಸ. ಕಬ್ಬಿನ ಸೀಜನ್ ಚಾಲೂ ಆದ್ರ ಎರಡೆರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರ್ ರಾತ್ರಿ ಹಿಂದ ಲೈಟ್ ಇಲ್ಲದ ಹೊಂಟಿರ್ತಾವ, ಹತ್ರ ಬರೂತನಕ ಕಾಣಂಗಿಲ್ಲ. ಅದಕ್ಕ ಹೆಡ್‌ಲೈಟ್ ಗ್ಲಾಸ್ ಸ್ವಚ್ಛ, ಬೀಮ್ ಸರಿಯಾದ ಮಟ್ಟಕ್ಕ, ಮಂಜಿಗೆ ಹಳದಿ ಫಾಗ್ ಬಲ್ಬ್, ಇಷ್ಟ. ಮ್ಯಾಲ ಎಲ್‌ಇಡಿ ಬಾರ್ ಹಾಕಿ ಎದುರು ಬೈಕಿನ್ಯಾಗ ಬರಾವ್ನ ಕಣ್ಣು ಕುರುಡು ಮಾಡೂದು ತಪ್ಪು. ಮೊದ್ಲ ನಮ್ಮ ಗಾಡಿ ಎತ್ತರ, ಲೋ ಬೀಮೂ ಕಾರಿನವ್ರ ಕನ್ನಡ್ಯಾಗ ಹೊಡೀತೈತಿ, ಹಿಂದ ಡಿಎಪಿ ಗೊಬ್ಬರದ ಚೀಲ ಹಾಕ್ಕೊಂಡು ಹೊಂಟಾಗ ಮೂತಿ ಎತ್ತಿ ಇನ್ನೂ ಹೆಚ್ಚು, ಹಂಗಾಗಿ ಹೆಡ್‌ಲೈಟ್ ಲೆವೆಲ್ ಒಂದೆರಡು ಇಳಿಸಿ ಇಡ್ರಿ.

ಇನ್ನ ಮುಂದ ಮನಸ್ಸಿನ್ಯಾಗ ಇರೂದು ಒಂದ, 18ರಿಂದ 17 ಇಂಚಿನ ರಿಮ್ಮಿಗೆ ಇಳ್ಯೂದು. 265/70 ಆರ್17 ಹಾಕಿದ್ರ ಒಟ್ಟು ಎತ್ತರ 803 ಆಸುಪಾಸು, ಟೈರಿನ ಗ್ವಾಡಿ 166ರಿಂದ 185 ಮಿಲಿಮೀಟರಿಗೆ ಏರ್ತೈತಿ, ತಗ್ಗಿನ್ಯಾಗ ಕುಕ್ಕೂದು ಕಡಿಮಿ ಆಗ್ಬೇಕು. ಆದ್ರ ಬ್ರೇಕ್ ಕ್ಯಾಲಿಪರಿಗೆ (ಬ್ರೇಕ್ ಹಿಡ್ಯೂ ಭಾಗ) ರಿಮ್ ತಾಗ್ತೈತೋ ಇಲ್ಲೋ ಹಚ್ಚಿ ನೋಡ್ಬೇಕು, ಆ ಸೈಜಿಗೆ ಆರ್‌ಟಿಓ, ಇನ್ಶೂರನ್ಸಿನವ್ರು ಏನಂತಾರ ಕೇಳ್ಬೇಕು. ಇರೂ ಟೈರ್ ಇನ್ನೂ ಒಂದು ಮಳಿಗಾಲ ಬರ್ತಾವ, ಅಷ್ಟರಾಗ ನಮ್ಮ ಬೆಳಗಾವಿ ಕೆಎ-22 ನಂಬರಿನ ಥಾರ್ ಯಾವ್ದರ 17 ರಿಮ್ಮಿಂದು ಕಣ್ಣಿಗೆ ಬಿದ್ರ ನಿಲ್ಲಿಸಿ ಒಂದು ಸುತ್ತು ಓಡಸಾಕ ಕೇಳಾಂವ ಅದೇನಿ.