ಜೇನಿನ ವಿಷ, ಹಸಿರು ಬೆಳಕು

ಇವತ್ತಿಡೀ ದಿನ ಪ್ರಯೋಗಾಲಯದಲ್ಲಿ ಮೆಲಿಟಿನ್ ಜೊತೆ ಕಳೆದೆ. ಜೇನುನೊಣದ ವಿಷದ ಒಣತೂಕದಲ್ಲಿ ಸುಮಾರು ಅರ್ಧ ಇದೇ. ಬರೀ 26 ಅಮೈನೊ ಆಮ್ಲಗಳ ಪುಟ್ಟ ಸರಪಳಿ, ಅಂದರೆ ಒಂದು ಪೆಪ್ಟೈಡ್. ಜೀವಕೋಶದ ಪೊರೆಯನ್ನೇ ಹೋಲುವ ಕೊಬ್ಬಿನ ಗುಳ್ಳೆಗಳೊಳಗೆ ಕ್ಯಾಲ್ಸೀನ್ ಬಣ್ಣವನ್ನು ಒತ್ತೊತ್ತಾಗಿ ತುಂಬಿದರೆ ಅದು ಮಂಕಾಗಿರುತ್ತದೆ. ಮೆಲಿಟಿನ್ ಬಿದ್ದೊಡನೆ ಪೊರೆ ತೂತಾಗಿ, ಹೊರಗೆ ಸೋರಿದ ಬಣ್ಣ ಹಸಿರಾಗಿ ಹೊಳೆಯುತ್ತದೆ. ಮೊದಲೆರಡು ಸಲ, ಬೆಳಕು ಅಳೆಯುವ ಯಂತ್ರದ ಪರದೆಯ ಗೆರೆ ಅಲ್ಲಾಡಲೇ ಇಲ್ಲ. ನೋಡಿದರೆ, ಪೆಪ್ಟೈಡ್ ಎಂದುಕೊಂಡು, ಅದಿಲ್ಲದ ಬರೀ ಬಫರ್ ದ್ರಾವಣ ಹಾಕುತ್ತಿದ್ದೆ! ಮೂರನೆಯ ಸಲ ಗೆರೆ ನೆಟ್ಟಗೆ ಮೇಲಕ್ಕೆ ಜಿಗಿಯಿತು.

ಚಿಕ್ಕಂದಿನಲ್ಲಿ ತೋಟದಲ್ಲಿ ಜೇನು ಕಚ್ಚಿ ತುಟಿ ಊದಿಕೊಂಡಾಗ ಅಜ್ಜಿ ಸುಣ್ಣ ಹಚ್ಚಿದ್ದರು. ಅಂದು ಪುಕ್ಕಟೆ ಸಿಕ್ಕಿದ್ದನ್ನು ಈಗ ಮಿಲಿಗ್ರಾಂ ಲೆಕ್ಕದಲ್ಲಿ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೇನೆ. ಅಜ್ಜಿ ಇದ್ದಿದ್ದರೆ ನಕ್ಕು ಸಾಕಾಗುತ್ತಿದ್ದರು.