ವೈರ್ ಮೊದಲು ಎಲ್ಲಿಗೆ?

ಮಡಿಕೇರಿ ದಸರಾದ ದಶಮಂಟಪಗಳ ಮುಂದೆ ನಿಂತು ಎದೆ ಅದುರಿಸಿಕೊಂಡು ಬೆಳೆದವರು ನಾವು. ಹೋಂಸ್ಟೇ ಅಂಗಳಗಳಲ್ಲಿ ಲ್ಯಾಪ್‌ಟಾಪ್, ಸಿಂಥ್ ಇಟ್ಟುಕೊಂಡು ನುಡಿಸಲು ಹೊರಟ ಹುಡುಗರಿಗೂ ಅದೇ ಅದುರು ಬೇಕು. ಅದಕ್ಕೇ ಸಿಕ್ಕಾಗಲೆಲ್ಲ ಕೇಳುತ್ತಾರೆ: ಮಿಕ್ಸರ್‌ನಿಂದ ವೈರ್ ಮೊದಲು ಸಬ್‌ವೂಫರ್‌ಗೋ (ತಗ್ಗಿನ ಗುಡುಗು ಸದ್ದಿನ ಪೆಟ್ಟಿಗೆ), ಸ್ಪೀಕರ್‌ಗೋ?

ಸಬ್‌ಗೆ. ಆಂಪ್ಲಿಫೈಯರ್ ಒಳಗೇ ಇರುವ ಪೆಟ್ಟಿಗೆಗಳಾದರೆ ಮಿಕ್ಸರ್‌ನ ಎಡ, ಬಲ ಔಟ್‌ಪುಟ್‌ಗಳಿಂದ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಕೇಬಲ್ ಸಬ್‌ಗೆ, ಸಬ್‌ನ ಹೈಪಾಸ್ (ತಗ್ಗಿನದನ್ನು ತಡೆದು ಮೇಲಿನದನ್ನು ಬಿಡುವ) ಔಟ್‌ಪುಟ್‌ನಿಂದ ಸ್ಪೀಕರ್‌ಗಳಿಗೆ. ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್ ತಾನು ನುಡಿಸಿ, ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತದೆ. ಕೆಲವು ಸಬ್‌ಗಳು ಏನನ್ನೂ ಸೋಸದೆ ಇಡಿಯಾಗಿ ದಾಟಿಸುತ್ತವೆ. ಆಗ ಸ್ಪೀಕರ್ ಬೆನ್ನಿನಲ್ಲಿರುವ ಹೈಪಾಸ್ ಸ್ವಿಚ್ ಹಾಕಿ. ಎರಡೂ ಕಡೆ ಸೋಸಿದರೆ ನಡುವಿನ ಸ್ವರಗಳು ಬಡವಾಗುತ್ತವೆ.

ವೈರ್ ಸರಿಯಿದ್ದೂ ಬಾಸ್ (ತಗ್ಗಿನ ಸದ್ದು) ಕೈಕೊಡುವುದುಂಟು. ವಿರಾಜಪೇಟೆ ಕಡೆಯ ತೋಟವೊಂದರ ಕಾಫಿ ಕಣದಲ್ಲಿ ನಾನೇ ಬೇಸ್ತು ಬಿದ್ದಿದ್ದೇನೆ. ನೋಡಲು ಚೆಂದವೆಂದು ಏಳು ಮೀಟರ್ ಅಂತರದಲ್ಲಿ ಆಚೆಗೊಂದು, ಈಚೆಗೊಂದು ಸಬ್ ಇಟ್ಟೆ. ನಡುವೆ ನಿಂತ ನನಗೆ ನೆಲವೇ ಗುಡುಗುತ್ತಿತ್ತು. ಪಕ್ಕಕ್ಕೆ ಸರಿದು ಕುಣಿಯುತ್ತಿದ್ದವರಿಗೆ ಬರೀ ಚಟಪಟ. 100 ಹರ್ಟ್ಸ್ ಅಲೆಯ ಉದ್ದ ಸುಮಾರು 3.4 ಮೀಟರ್. ಒಂದು ಸಬ್ ಇನ್ನೊಂದಕ್ಕಿಂತ 1.7 ಮೀಟರ್ ಹೆಚ್ಚು ದೂರವಾಗುವ ಜಾಗದಲ್ಲಿ ಒಂದರ ಏರನ್ನು ಇನ್ನೊಂದರ ಇಳಿತ ನುಂಗುತ್ತದೆ. ವಿರಾಮದಲ್ಲಿ ಎರಡನ್ನೂ ಹೊತ್ತು ತಂದು ನಡುವೆ ಒತ್ತಿಗೆ ಒತ್ತಿ ಇಟ್ಟೆವು (ಬೆನ್ನು ಎರಡು ದಿನ ಶಪಿಸಿತು). ಆಮೇಲೆ ಕಣದ ಮೂಲೆಯವರೂ ಕುಣಿದರು. ಅಷ್ಟು ತಗ್ಗಿನ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಕಿವಿಗೆ ಗೊತ್ತಾಗುವುದಿಲ್ಲ, ಎಡಬಲಕ್ಕೆ ಹಂಚುವ ಹಟ ಬೇಡ.

ಸಬ್‌ನ ಹಿಂದೆ ಪೋಲಾರಿಟಿ (ಅಲೆಯ ಏರಿಳಿತವನ್ನು ತಿರುಗಿಸುವ) ಗುಂಡಿಯೊಂದಿದೆ, ಯಾರೂ ಮುಟ್ಟುವುದಿಲ್ಲ. ಕ್ರಾಸ್‌ಓವರ್ (ಸಬ್, ಸ್ಪೀಕರ್‌ಗಳು ಸದ್ದು ಹಂಚಿಕೊಳ್ಳುವ ಗಡಿ) ಎಷ್ಟಿದೆಯೋ ಅದೇ 100 ಹರ್ಟ್ಸ್‌ನ ಒಂಟಿ ಸ್ವರ ಹಾಕಿ, ಜನ ನಿಲ್ಲುವಲ್ಲಿ ನೀವು ನಿಂತು, ಗೆಳೆಯನಿಂದ ಅದನ್ನು ಒತ್ತಿಸಿ. ಜೋರಾಗಿ ಕೇಳಿದ ಕಡೆಗೇ ಬಿಡಿ.

ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದೊಡನೆ ಗುಂಯ್ ಎಂದರೆ ಲ್ಯಾಪ್‌ಟಾಪ್, ಮಿಕ್ಸರ್ ನಡುವೆ ಡಿಐ ಬಾಕ್ಸ್ (ಆ ಗುಂಯ್ ತಡೆಯುವ ಪುಟ್ಟ ಪೆಟ್ಟಿಗೆ) ಹಾಕಿ, ಅಷ್ಟೆ. ನಮ್ಮಲ್ಲಿ ಮಳೆಗಾಲದ ಕರೆಂಟ್ ಹೇಗೆಂದು ಹೇಳಬೇಕಿಲ್ಲ: ಹೋದ ಕೂಡಲೇ ಸಬ್, ಸ್ಪೀಕರ್‌ಗಳ ಸ್ವಿಚ್ ಆರಿಸಿ. ಜನರೇಟರ್ ಹಿಡಿತಕ್ಕೆ ಬಂದ ಮೇಲೆ ಮಿಕ್ಸರ್ ಮೊದಲು, ಅವು ಕೊನೆಗೆ.

ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿಯಮವೇ ತಡೆ. ನಾನು ಅರ್ಧ ಗಂಟೆ ಮುಂಚೆಯೇ ಸಬ್ ತಗ್ಗಿಸುತ್ತೇನೆ. ಕಣಿವೆಯಾಚೆಯ ಮನೆಗೆ ನಿಮ್ಮ ರಾಗ ತಲುಪುವುದಿಲ್ಲ, ಗುದ್ದು ಮಾತ್ರ ತಲುಪುತ್ತದೆ.